ಫ್ಯೋರ್ಡ್ ಕುದುರೆಯ ಬಣ್ಣದ ಲೆಕ್ಕ: ಬ್ರುನ್‌ಬ್ಲಾಕ್ ಜೋಡಿಗೆ ಕೆಂಪು ಮರಿ ಹುಟ್ಟಬಹುದೇ?

ಪ್ರಶ್ನೆ: ನಾವು ನಾರ್ವೆಯ ಸ್ಟಾವಂಗರ್ ಹತ್ತಿರ ಇದ್ದೇವೆ. ಮಗಳು ಸವಾರಿ ಕಲಿಯುವ ಲಾಯದಲ್ಲಿ ಇರುವುದೆಲ್ಲ ಫ್ಯೋರ್ಡ್ ಕುದುರೆಗಳು. ಈಚೆಗೆ ಅಲ್ಲಿ ಒಂದು ಮರಿ ಹುಟ್ಟಿತು. ತಾಯಿ, ತಂದೆ ಎರಡೂ ‘ಬ್ರುನ್‌ಬ್ಲಾಕ್’, ಅಂದರೆ ಮಾಸಲು ಕಂದು. ಮರಿ ಮಾತ್ರ ‘ರೋಬ್ಲಾಕ್’, ಅಂದರೆ ಮಾಸಲು ಕೆಂಪು ಅಂತೆ, ಮೈಮೇಲೆ ಒಂದು ಕಪ್ಪು ಕೂದಲೂ ಇಲ್ಲ. “ಅಪ್ಪ ಬೇರೆ ಇರಬೇಕು” ಎಂದು ಅಲ್ಲೊಬ್ಬರು ನಕ್ಕರು. ನಿಜವಾಗಿ ಹಾಗಿರಬಹುದೇ? ಇನ್ನೊಂದು ಕುದುರೆಯನ್ನು ‘ಗ್ರೋ’, ಅಂದರೆ ಬೂದು ಅನ್ನುತ್ತಾರೆ. ಅದು ವಯಸ್ಸಾದ ಮೇಲೆ ನಮ್ಮೂರ ಮದುವೆ ಕುದುರೆಯ ಹಾಗೆ ಬೆಳ್ಳಗಾಗುತ್ತದೆಯೇ? ಮಗಳಿಗೆ ‘ಗುಲ್‌ಬ್ಲಾಕ್’, ಅಂದರೆ ತಿಳಿಹಳದಿ ಮರಿ ಬೇಕೆಂಬ ಆಸೆ. ಅದು ಅಪರೂಪ, ಹಾಗಾಗಿ ಬೆಲೆ ಜಾಸ್ತಿ ಅನ್ನುತ್ತಾರೆ ಮಾರುವವರು. ಮೈಸೂರಿನಲ್ಲಿರುವ ನಮ್ಮಣ್ಣ “ಕೊಳ್ಳುವುದಾದರೆ ಪಂಚಕಲ್ಯಾಣಿ ನೋಡಿ ತಗೋ” ಅನ್ನುತ್ತಾನೆ. ಇಲ್ಲಿಯವರು ಕಾಲಿನ ಮೇಲೆ ಬಿಳಿ ಕಂಡರೆ ಮುಖ ಸಿಂಡರಿಸುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮರಿಯ ಅಪ್ಪನನ್ನು ಮೊದಲು ಅನುಮಾನದಿಂದ ಬಿಡಿಸೋಣ. ಬ್ರುನ್‌ಬ್ಲಾಕ್ ಜೋಡಿಗೆ ರೋಬ್ಲಾಕ್ ಮರಿ ಹುಟ್ಟುವುದರಲ್ಲಿ ವಿಚಿತ್ರ ಏನೂ ಇಲ್ಲ. ಆದರೆ ಸುಮ್ನೆ “ಹುಟ್ಟಬಹುದು” ಅಂದರೆ ನಿಮಗೆ ಸಮಾಧಾನ ಆಗುವುದಿಲ್ಲ, ಲಾಯದಲ್ಲಿ ನಕ್ಕವರಿಗೂ ಉತ್ತರ ಸಿಗುವುದಿಲ್ಲ. ಅದಕ್ಕೆ ಸ್ವಲ್ಪ ಬುಡದಿಂದ ಹೇಳುತ್ತೇನೆ.

ಕುದುರೆಯ ಕೂದಲಿನಲ್ಲಿ ಇರುವುದು ಎರಡೇ ಬಗೆಯ ಬಣ್ಣ. ಒಂದು ಕಪ್ಪು, ಇನ್ನೊಂದು ಕೆಂಪು. ಯಾವುದು ತಯಾರಾಗಬೇಕು ಎಂಬುದನ್ನು ಎಕ್ಸ್‌ಟೆನ್ಷನ್ ಎಂಬ ಜೀನ್ ನೋಡಿಕೊಳ್ಳುತ್ತದೆ. ಲ್ಯಾಬಿನವರು ಇದನ್ನೇ ಎಂಸಿ1ಆರ್ ಎಂದು ಬರೆಯುತ್ತಾರೆ. ಇದರ ಸರಿಯಾದ ಪ್ರತಿ ಇದ್ದರೆ ಕೂದಲಿನ ಬುಡದ ಕೋಶಗಳು ಕಪ್ಪು ತಯಾರಿಸಬಲ್ಲವು. ಈ ಜೀನಿನ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಆ ಸಾಮರ್ಥ್ಯ ಹೋಗುತ್ತದೆ, ಕೆಂಪು ಮಾತ್ರ ಉಳಿಯುತ್ತದೆ. ಈ ಬದಲಾವಣೆ ಗೊತ್ತಾದದ್ದು 1996ರಲ್ಲಿ. ಪ್ರತಿ ಕುದುರೆಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬರುತ್ತದೆ. ಎರಡರಲ್ಲಿ ಒಂದು ಕಪ್ಪಿನದಾದರೂ ಕೂದಲಿನಲ್ಲಿ ಕಪ್ಪು ಕಾಣುತ್ತದೆ. ಎರಡೂ ಕೆಂಪಿನದಾದರೆ ಮಾತ್ರ ಕುದುರೆ ಕೆಂಪು.

ಕಪ್ಪು ತಯಾರಾದ ಮೇಲೆ ಅದು ಎಲ್ಲಿ ಕೂರಬೇಕು? ಆ ಕೆಲಸ ಅಗೂಟಿ ಜೀನಿನದು. ಅಗೂಟಿ ಸರಿಯಿದ್ದರೆ ಕಪ್ಪು ಜೂಲಿಗೆ, ಬಾಲಕ್ಕೆ, ಕಾಲಿನ ಕೆಳಭಾಗಕ್ಕೆ ಸರಿಯುತ್ತದೆ, ಮೈ ಕೆಂಗಂದು ಆಗುತ್ತದೆ. ಬೆಂಗಳೂರು ರೇಸ್‌ಗೆ ಹೋಗುವವರು ‘ಬೇ’ ಅನ್ನುವುದು ಇದನ್ನೇ. ಅಗೂಟಿಯಲ್ಲಿ ಹನ್ನೊಂದು ಅಕ್ಷರ ಬಿಟ್ಟುಹೋಗಿರುವ ಒಂದು ರೂಪ ಇದೆ, 2001ರಲ್ಲಿ ಪತ್ತೆಯಾಯಿತು. ಅದು ಎರಡೂ ಕಡೆಯಿಂದ ಬಂದರೆ ಕಪ್ಪಿಗೆ ತಡೆಯೇ ಇರುವುದಿಲ್ಲ. ಕುದುರೆ ಪೂರ್ತಿ ಕಪ್ಪು. ಇನ್ನು ಕೆಂಪು ಕುದುರೆಯ ವಿಷಯಕ್ಕೆ ಬಂದರೆ, ಅದರಲ್ಲಿ ಅಗೂಟಿ ಯಾವ ರೂಪದಲ್ಲಿದ್ದರೂ ಹೊರಗೆ ಕಾಣುವುದಿಲ್ಲ. ಎಲ್ಲಿಡಬೇಕು ಅನ್ನಲು ಕಪ್ಪೇ ಇಲ್ಲವಲ್ಲ. ಇದನ್ನು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಬೇ, ಕಪ್ಪು, ಕೆಂಪು. ಕುದುರೆ ಲೋಕದ ಅಡಿಪಾಯ ಇಷ್ಟೇ. ಉಳಿದದ್ದೆಲ್ಲ ಇದರ ಮೇಲಿನ ಬದಲಾವಣೆ. ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಬೆಳೆಸಿದಂಥ ರೇಸ್ ಕುದುರೆಗಳಲ್ಲಿ ಈ ಅಡಿಪಾಯ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಫ್ಯೋರ್ಡ್ ತಳಿಯಲ್ಲಿ ಹೆಚ್ಚುಕಡಿಮೆ ಯಾವ ಕುದುರೆಯಲ್ಲೂ ಅದು ನೇರವಾಗಿ ಕಾಣುವುದಿಲ್ಲ. ಗೊಂದಲ ಶುರುವಾಗುವುದೇ ಇಲ್ಲಿ.

ಕಾರಣ ‘ಡನ್’ ಎಂಬ ಜೀನ್. ಇದು ಮೈಬಣ್ಣವನ್ನು ಮಾಸಲು ಮಾಡುತ್ತದೆ. ಆದರೆ ಬೆನ್ನುಹುರಿಯ ಉದ್ದಕ್ಕೂ ಒಂದು ಗಾಢ ಪಟ್ಟೆಯನ್ನು ಹಾಗೇ ಬಿಡುತ್ತದೆ. ಮುಂಗಾಲಿನ ಮೇಲೆ ಜೀಬ್ರಾದ ಹಾಗೆ ಅಡ್ಡಗೆರೆಗಳು, ಕೆಲವು ಕುದುರೆಗಳಲ್ಲಿ ಹೆಗಲಿನ ಮೇಲೂ ಒಂದು ಅಡ್ಡಪಟ್ಟೆ ಉಳಿಯುತ್ತದೆ. ಡನ್‌ನ ಒಂದೇ ಪ್ರತಿ ಸಾಕು, ಕೆಲಸ ಮಾಡುತ್ತದೆ. ಫ್ಯೋರ್ಡ್ ತಳಿಯಲ್ಲಂತೂ ಸಾಮಾನ್ಯವಾಗಿ ಎರಡೂ ಪ್ರತಿ ಡನ್ನೇ. ಹಾಗಾಗಿ ಇವಕ್ಕೆ ಹುಟ್ಟುವ ಮರಿಯೂ ಮಾಸಲೇ. ನಿಮ್ಮ ಲಾಯದ ಫ್ಯೋರ್ಡ್ ಕುದುರೆಯನ್ನು ಬೇರೆ ತಳಿಯ ಅಚ್ಚ ಕಪ್ಪು ಕುದುರೆಯೊಂದಿಗೆ ಕೂಡಿಸಿದರೂ ಮರಿಯ ಬೆನ್ನ ಮೇಲೆ ಪಟ್ಟೆ ಇರುತ್ತದೆ.

ಈ ಡನ್ ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. 2016ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು ಜೊತೆಗಾರರೊಂದಿಗೆ ಸೇರಿ ಇದನ್ನು ಬಿಡಿಸಿದರು. ಜೀನಿನ ಹೆಸರು ಟಿಬಿಎಕ್ಸ್3. ಡನ್ ಕುದುರೆಯ ಮೈಕೂದಲನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಣ್ಣ ಒಂದೇ ಮಗ್ಗುಲಲ್ಲಿ ಕೂತಿರುತ್ತದೆ, ಇನ್ನೊಂದು ಮಗ್ಗುಲು ಹೆಚ್ಚುಕಡಿಮೆ ಖಾಲಿ. ಬಣ್ಣದ ಕೋಶಗಳು ಕೂದಲಿನ ಬುಡದ ಸುತ್ತ ಎಲ್ಲ ಕಡೆ ಕೂರದಂತೆ ಈ ಜೀನ್ ತಡೆಯುತ್ತದೆ. ಅರ್ಧ ಖಾಲಿ ಕೂದಲು ದೂರದಿಂದ ಮಾಸಲಾಗಿ ಕಾಣುತ್ತದೆ. ಬೆನ್ನಿನ ಪಟ್ಟೆಯ ಕೂದಲಲ್ಲಿ ಈ ತಡೆ ಇಲ್ಲ, ಬಣ್ಣ ಸುತ್ತಲೂ ತುಂಬಿರುತ್ತದೆ. ಹಾಗಾಗಿ ಪಟ್ಟೆ ಅನ್ನುವುದು ಯಾರೋ ಮೇಲೆ ಬಳಿದ ಗೆರೆಯಲ್ಲ. ಅದು ಕುದುರೆಯ ಅಸಲಿ ಬಣ್ಣ. ಅದರ ಸುತ್ತಲಿನ ಮೈ ಮಾಸಿದೆ, ಅಷ್ಟೇ.

ಅದೇ ಅಧ್ಯಯನದಲ್ಲಿ ಸುಮಾರು 43,000 ವರ್ಷ ಹಳೆಯ ಕುದುರೆಯೊಂದರ ಡಿಎನ್‌ಎ ಕೂಡ ನೋಡಿದ್ದರು. ಮಾಸಲು ಮಾಡುವ ರೂಪ, ಮಾಸಲು ಮಾಡದ ಒಂದು ರೂಪ, ಎರಡೂ ಅದರಲ್ಲಿದ್ದವು. ಮನುಷ್ಯ ಕುದುರೆ ಸಾಕುವ ಎಷ್ಟೋ ಮೊದಲೇ ಈ ಬಣ್ಣಭೇದ ಇತ್ತು ಅಂತಾಯಿತು.

ನಾರ್ವೆಯಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಗುಜರಾತಿನ ಕಾಠಿಯಾವಾಡಿ ಕುದುರೆಗಳಲ್ಲೂ ಮಾಸಲು ಮೈ, ಬೆನ್ನುಪಟ್ಟೆ, ಕಾಲಿನ ಗೆರೆಗಳು ಕಾಣುತ್ತವೆ. ಡಾರ್ವಿನ್ 1859ರಲ್ಲೇ ಇದನ್ನು ಬರೆದಿದ್ದ. ಕಾಠಿಯಾವಾಡದಲ್ಲಿ ಪಟ್ಟೆ ಇಲ್ಲದ ಕುದುರೆಯನ್ನು ಶುದ್ಧ ತಳಿ ಎಂದೇ ಎಣಿಸುವುದಿಲ್ಲ ಎಂದು ಕರ್ನಲ್ ಪೂಲ್ ಎಂಬವನಿಂದ ಅವನಿಗೆ ತಿಳಿದಿತ್ತು. ಇಂಥ ಪಟ್ಟೆಯ ಕುದುರೆಗಳು ಉತ್ತರಕ್ಕೆ ನಾರ್ವೆಯವರೆಗೂ ಸಿಗುತ್ತವೆ ಎಂದೂ ಅಲ್ಲೇ ಹೇಳಿದ್ದಾನೆ.

ಈಗ ಹೆಸರುಗಳಿಗೆ ಬರೋಣ. ನಾರ್ವೆಯವರು 1922ರಲ್ಲಿ ಐದು ಬಣ್ಣಗಳನ್ನು ಅಧಿಕೃತವಾಗಿ ಒಪ್ಪಿಕೊಂಡರು. ಮೊದಲೇ ಒಂದು ಎಚ್ಚರಿಕೆ: ಈ ಹೆಸರುಗಳ ಕೊನೆಯ ‘ಬ್ಲಾಕ್’ ಇಂಗ್ಲಿಷಿನ ಕಪ್ಪಲ್ಲ. ಮಾಸಲು ಅಂತಲೇ ಅರ್ಥ.

ಬೇ ಬಣ್ಣದ ಮೇಲೆ ಡನ್ ಬಂದರೆ ಬ್ರುನ್‌ಬ್ಲಾಕ್. ಮೈ ಹಳದಿ ಮಿಶ್ರಿತ ಕಂದು, ಪಟ್ಟೆ ಕಪ್ಪು ಇಲ್ಲವೇ ಕಡುಕಂದು. ನೂರಕ್ಕೆ ತೊಂಬತ್ತರಷ್ಟು ಫ್ಯೋರ್ಡ್ ಕುದುರೆಗಳು ಈ ಬಣ್ಣದವೇ. ಕೆಂಪಿನ ಮೇಲೆ ಡನ್ ಬಂದರೆ ರೋಬ್ಲಾಕ್. ಪಟ್ಟೆ ಕೆಂಗಂದು, ಕಪ್ಪು ಕೂದಲು ಎಲ್ಲೂ ಇರುವುದಿಲ್ಲ. ನಿಮ್ಮ ಮರಿಯ ಬಗ್ಗೆ ನೀವು ಬರೆದದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಅಚ್ಚ ಕಪ್ಪಿನ ಮೇಲೆ ಡನ್ ಬಂದರೆ ಗ್ರೋ. ಮೈ ಬೆಳ್ಳಿಬೂದಿಯಿಂದ ಹಿಡಿದು ಸ್ಲೇಟಿನ ಬಣ್ಣದವರೆಗೆ ಇರಬಹುದು, ಪಟ್ಟೆ ಕಪ್ಪು. ಉಳಿದೆರಡು, ಉಲ್ಸ್‌ಬ್ಲಾಕ್ ಮತ್ತು ಗುಲ್‌ಬ್ಲಾಕ್. ಅವುಗಳಲ್ಲಿ ಇನ್ನೊಂದು ಜೀನ್ ಸೇರಿಕೊಂಡಿದೆ, ಆಮೇಲೆ ಹೇಳುತ್ತೇನೆ.

ಇಂಗ್ಲಿಷಿನ ಹೆಸರುಗಳು ಇನ್ನೂ ತಲೆ ಕೆಡಿಸುತ್ತವೆ. ಬ್ರುನ್‌ಬ್ಲಾಕ್ ಅನ್ನು ಫ್ಯೋರ್ಡ್ ಸಾಕುವವರು ‘ಬ್ರೌನ್ ಡನ್’ ಅನ್ನುತ್ತಾರೆ. ಅದೇ ಬಣ್ಣವನ್ನು ಅಮೆರಿಕದಲ್ಲಿ ಬೇರೆ ತಳಿಯವರು ‘ಬೇ ಡನ್’ ಎಂದೋ ಬರೀ ‘ಡನ್’ ಎಂದೋ ಕರೆಯುತ್ತಾರೆ. ಗ್ರೋ ಅಲ್ಲಿ ‘ಗ್ರುಲ್ಲೋ’. ಕೆಲವರು ಬ್ರುನ್‌ಬ್ಲಾಕ್ ನೋಡಿ ‘ಬಕ್‌ಸ್ಕಿನ್’ ಅಂದುಬಿಡುತ್ತಾರೆ, ಅದು ತಪ್ಪು. ಬಕ್‌ಸ್ಕಿನ್ ಕೂಡ ಹಳದಿ ಮೈ, ಕಪ್ಪು ಜೂಲಿನ ಕುದುರೆಯೇ. ಆದರೆ ಅದರಲ್ಲಿ ಡನ್ ಇರುವುದಿಲ್ಲ, ಕ್ರೀಮ್ ಎಂಬ ಬೇರೆಯೇ ಜೀನ್ ಇರುತ್ತದೆ. ನಾನಂತೂ ಫ್ಯೋರ್ಡ್ ಕುದುರೆಯ ಬಗ್ಗೆ ಮಾತಾಡುವಾಗ ನಾರ್ವೆಯ ಹೆಸರನ್ನೇ ಬಳಸುತ್ತೇನೆ. ನೀವೂ ಹಾಗೇ ಮಾಡಿ, ಜಗಳ ಕಮ್ಮಿ.

ಈಗ ನಿಮ್ಮ ಮರಿ. ತಾಯಿಯ ಹತ್ತಿರ ಎಕ್ಸ್‌ಟೆನ್ಷನ್‌ನ ಒಂದು ಕಪ್ಪು ಪ್ರತಿ, ಒಂದು ಕೆಂಪು ಪ್ರತಿ ಇದೆ. ತಂದೆಯ ಹತ್ತಿರವೂ ಹಾಗೇ. ಇಬ್ಬರಲ್ಲೂ ಕಪ್ಪು ಮೇಲುಗೈ ಪಡೆದದ್ದರಿಂದ ಇಬ್ಬರೂ ಬ್ರುನ್‌ಬ್ಲಾಕ್ ಆಗಿ ಕಾಣುತ್ತಾರೆ. ಇಬ್ಬರಿಂದಲೂ ಕೆಂಪು ಪ್ರತಿಯೇ ಮರಿಗೆ ಬಂದುಬಿಟ್ಟರೆ ಮರಿ ರೋಬ್ಲಾಕ್. ಇಂಥ ಜೋಡಿಗೆ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ. ಮುಂದಿನ ಸಲ ಇದೇ ಜೋಡಿಗೆ ಮರಿಯಾದರೂ ಮತ್ತೆ ನಾಲ್ಕರಲ್ಲಿ ಒಂದೇ. ಒಮ್ಮೆ ಕೆಂಪು ಹುಟ್ಟಿತು, ಇನ್ನು ಮೂರು ಕಂದು ಬರಲೇಬೇಕು ಅಂತೇನೂ ಇಲ್ಲ. ಈ ಮರಿ ಹುಟ್ಟಿದ್ದರಿಂದ ಒಂದು ಲಾಭವೂ ಆಯಿತು. ತಾಯಿ ಕೆಂಪನ್ನು ಹೊತ್ತಿದ್ದಾಳೆ ಎಂಬುದು ಯಾವ ಪರೀಕ್ಷೆಯೂ ಇಲ್ಲದೆ ಗೊತ್ತಾಯಿತು.

ಹಾಗಾದರೆ ಬಣ್ಣ ನೋಡಿ ಅಪ್ಪನ ಮೇಲೆ ಅನುಮಾನ ಪಡುವ ಸಂದರ್ಭ ಇಲ್ಲವೇ ಇಲ್ಲವೇ? ಇದೆ. ಇಬ್ಬರು ರೋಬ್ಲಾಕ್‌ಗೆ ಬ್ರುನ್‌ಬ್ಲಾಕ್ ಮರಿ ಹುಟ್ಟಿತು ಅಂದರೆ ಎಲ್ಲೋ ತಪ್ಪಿದೆ. ಇಬ್ಬರ ಹತ್ತಿರವೂ ಕಪ್ಪಿನ ಪ್ರತಿಯೇ ಇಲ್ಲ, ಮರಿಗೆ ಎಲ್ಲಿಂದ ಬರಬೇಕು? ಇಬ್ಬರು ಗ್ರೋಗಳಿಗೆ ಬ್ರುನ್‌ಬ್ಲಾಕ್ ಹುಟ್ಟುವುದೂ ಆಗದ ಮಾತು. ಆದರೆ ಒಂದು ರೋಬ್ಲಾಕ್, ಒಂದು ಗ್ರೋ ಸೇರಿ ಬ್ರುನ್‌ಬ್ಲಾಕ್ ಮರಿ ಕೊಡಬಹುದು. ಮೇಲೆ ನೆನಪಿಡಿ ಅಂದಿದ್ದೆನಲ್ಲ, ಅದು ಇದಕ್ಕೇ. ರೋಬ್ಲಾಕ್‌ನ ಒಳಗೆ ಅಡಗಿದ್ದ ಅಗೂಟಿ ಮರಿಯಲ್ಲಿ ಕಪ್ಪನ್ನು ಕಂಡು ಕೆಲಸ ಶುರು ಮಾಡುತ್ತದೆ. ಇಂಥದ್ದನ್ನು ನೋಡಿದಾಗ ಗೊತ್ತಿಲ್ಲದವರು ಲಾಯದಲ್ಲಿ ಕಥೆ ಕಟ್ಟುತ್ತಾರೆ.

ಎರಡನೆಯ ಪ್ರಶ್ನೆ ಗ್ರೋ ಕುದುರೆಯದು. ಅದು ಬೆಳ್ಳಗಾಗುವುದಿಲ್ಲ. ನಮ್ಮ ಕಡೆ ಮದುವೆ ಮೆರವಣಿಗೆಯಲ್ಲಿ ಕಾಣುವ ಬಿಳಿ ಕುದುರೆಗಳಲ್ಲಿ ಎಷ್ಟೋ ಹುಟ್ಟುವಾಗ ಕಪ್ಪೋ ಕಂದೋ ಆಗಿದ್ದವು. ವರ್ಷ ಕಳೆದ ಹಾಗೆ ಕೂದಲು ನರೆತು ಬೆಳ್ಳಗಾಗುತ್ತದೆ. ಅದಕ್ಕೆ ಕಾರಣ ಗ್ರೇ ಎಂಬ ಜೀನ್, ಎಸ್‌ಟಿಎಕ್ಸ್17ರಲ್ಲಿನ ಒಂದು ಬದಲಾವಣೆ, 2008ರಲ್ಲಿ ಗೊತ್ತಾಯಿತು. ಅಂಥ ಕುದುರೆಯ ಮೂತಿ ನೋಡಿ, ಚರ್ಮ ಕಪ್ಪಾಗಿಯೇ ಇರುತ್ತದೆ. ವಯಸ್ಸಾದ ಮೇಲೆ ಬಾಲದ ಕೆಳಗೆ ಕಪ್ಪು ಗಂಟುಗಳು ಏಳುವುದೂ ಆ ಕುದುರೆಗಳಲ್ಲೇ ಜಾಸ್ತಿ. ಫ್ಯೋರ್ಡ್ ತಳಿಯಲ್ಲಿ ಈ ಜೀನ್ ಇಲ್ಲ. ಗ್ರೋ ಅಂದರೆ ಮಾಸಿದ ಕಪ್ಪು. ಚಳಿಗಾಲದ ದಪ್ಪ ಕೂದಲಿನಲ್ಲಿ ಒಂದು ಛಾಯೆ, ಬೇಸಿಗೆಯಲ್ಲಿ ಇನ್ನೊಂದು ಛಾಯೆ ಕಾಣಬಹುದು. ಆದರೆ ಆ ಕುದುರೆ ಇಪ್ಪತ್ತೈದನೇ ವಯಸ್ಸಿನಲ್ಲೂ ಗ್ರೋ ಆಗಿಯೇ ಇರುತ್ತದೆ.

ಇನ್ನು ನಿಮ್ಮ ಮಗಳ ಗುಲ್‌ಬ್ಲಾಕ್. ಇಲ್ಲಿ ಕ್ರೀಮ್ ಜೀನ್ ಬರುತ್ತದೆ. 2003ರಲ್ಲಿ ಇದರ ಜಾಗ ಪತ್ತೆಯಾಯಿತು, ಲ್ಯಾಬಿನ ಹೆಸರು ಎಸ್‌ಎಲ್‌ಸಿ45ಎ2. ಇದರ ಕೆಲಸ ಡಿಕಾಕ್ಷನ್‌ಗೆ ಹಾಲು ಬೆರೆಸಿದ ಹಾಗೆ, ಎಷ್ಟು ಹಾಕುತ್ತೀರೋ ಅಷ್ಟು ತಿಳಿಯಾಗುತ್ತದೆ. ಒಂದು ಪ್ರತಿ ಬಂದರೆ ಕೆಂಪು ಬಣ್ಣ ಚೆನ್ನಾಗಿ ತಿಳಿಯಾಗುತ್ತದೆ, ಕಪ್ಪಿಗೆ ಹೆಚ್ಚು ಏನೂ ಆಗುವುದಿಲ್ಲ. ಎರಡು ಪ್ರತಿ ಬಂದರೆ ಕಪ್ಪನ್ನೂ ಬಿಡುವುದಿಲ್ಲ.

ಬ್ರುನ್‌ಬ್ಲಾಕ್‌ಗೆ ಒಂದು ಪ್ರತಿ ಕ್ರೀಮ್ ಸೇರಿದರೆ ಉಲ್ಸ್‌ಬ್ಲಾಕ್. ಮೈ ಕೆನೆಬಿಳುಪು, ನಡುವೆ ಕಪ್ಪು ಪಟ್ಟೆ. ನೋಡಲು ಬಹಳ ಚೆನ್ನ. ರೋಬ್ಲಾಕ್‌ಗೆ ಒಂದು ಪ್ರತಿ ಸೇರಿದರೆ ಗುಲ್‌ಬ್ಲಾಕ್. ಮೈ ತಿಳಿಹಳದಿ, ಜೂಲು ಬಾಲ ಹೆಚ್ಚುಕಡಿಮೆ ಪೂರ್ತಿ ಬಿಳಿ, ಪಟ್ಟೆ ಎಷ್ಟು ಮಸುಕು ಅಂದರೆ ಕೆಲವು ಸಲ ಬಿಸಿಲಿಗೆ ಹಿಡಿದು ಹುಡುಕಬೇಕು. ಐದು ಬಣ್ಣಗಳಲ್ಲಿ ಇದೇ ಅತಿ ಅಪರೂಪ. ಯಾಕೆಂದರೆ ಎರಡು ಅಪರೂಪಗಳು ಒಟ್ಟಿಗೆ ಕೂಡಬೇಕು. ಕೆಂಪಿನ ಪ್ರತಿ ಎರಡೂ ಕಡೆಯಿಂದ ಬರಬೇಕು, ಜೊತೆಗೆ ಕ್ರೀಮ್ ಒಂದು ಕಡೆಯಿಂದ ಬರಬೇಕು. ಮಾರುವವರು ಅಪರೂಪ ಅಂದದ್ದು ಸುಳ್ಳಲ್ಲ.

ಎರಡು ಪ್ರತಿ ಕ್ರೀಮ್ ಬಂದ ಕುದುರೆಯನ್ನು ‘ಕ್ವೀಟ್’, ಬಿಳಿ, ಅನ್ನುತ್ತಾರೆ. 1922ರ ಐದರಲ್ಲಿ ಇದು ಇಲ್ಲ. ಮೈ ಬಿಳಿ, ಚರ್ಮ ಗುಲಾಬಿ, ಕಣ್ಣು ತಿಳಿನೀಲಿ. ಹಿಂದೆ ಇಂಥ ಮರಿ ಹುಟ್ಟಿದರೆ ಸಾಕುವವರಿಗೆ ಬೇಜಾರು. ಇಬ್ಬರು ಉಲ್ಸ್‌ಬ್ಲಾಕ್‌ಗಳನ್ನು ಕೂಡಿಸಲು ಹಿಂಜರಿಯುತ್ತಿದ್ದುದೂ ಇದಕ್ಕೇ. ನಾಲ್ಕರಲ್ಲಿ ಒಂದು ಕ್ವೀಟ್ ಬರುವ ಸಾಧ್ಯತೆ ಇತ್ತಲ್ಲ. ಆ ಭಯಕ್ಕೆ ಕಾರಣ ಇರಲಿಲ್ಲ. ಇದು ರೋಗ ಅಲ್ಲ. ಬೇರೆ ಕೆಲವು ತಳಿಗಳಲ್ಲಿ ಬಿಳಿಯಾಗಿ ಹುಟ್ಟಿ, ಕರುಳು ಕೆಲಸ ಮಾಡದೆ ಸಾಯುವ ಮರಿಗಳಿವೆ, ಅದು ಬೇರೆಯೇ ಜೀನಿನ ಕಥೆ. ಕ್ವೀಟ್‌ಗೆ ಅದಕ್ಕೂ ಸಂಬಂಧ ಇಲ್ಲ. ಗುಲಾಬಿ ಮೂತಿಗೆ ಬಿಸಿಲು ಹೊಡೆಯದಂತೆ ನೋಡಿಕೊಂಡರೆ ಸಾಕು.

ಕಣ್ಣಿಗೆ ಮೋಸ ಮಾಡುವ ಜಾಗಗಳೂ ಇವೆ. ತಿಳಿ ರೋಬ್ಲಾಕ್ ಮತ್ತು ಗುಲ್‌ಬ್ಲಾಕ್ ಅಕ್ಕಪಕ್ಕ ನಿಂತರೆ ಅನುಭವ ಇದ್ದವರೂ ತಡವರಿಸುತ್ತಾರೆ. ತಿಳಿ ಬ್ರುನ್‌ಬ್ಲಾಕ್ ಮತ್ತು ಉಲ್ಸ್‌ಬ್ಲಾಕ್ ಕೂಡ ಹಾಗೇ. ಎಲ್ಲಕ್ಕಿಂತ ಚಾಲಾಕಿ ಕ್ರೀಮ್ ಹೊತ್ತ ಗ್ರೋ. ಒಂದು ಪ್ರತಿ ಕ್ರೀಮ್ ಕಪ್ಪನ್ನು ಮುಟ್ಟುವುದೇ ಇಲ್ಲ ಅನ್ನುವಷ್ಟು ಕಮ್ಮಿ ಮುಟ್ಟುತ್ತದೆ. ಹಾಗಾಗಿ ಆ ಕುದುರೆ ಸುಮ್ನೆ ಗ್ರೋ ಆಗಿಯೇ ಕಾಣುತ್ತದೆ, ದಾಖಲೆಯಲ್ಲೂ ಗ್ರೋ ಅಂತಲೇ ಬರೆದಿರುತ್ತಾರೆ. ಅದಕ್ಕೆ ಬ್ರುನ್‌ಬ್ಲಾಕ್ ಜೊತೆಗಾರ ಸಿಕ್ಕಿ ಉಲ್ಸ್‌ಬ್ಲಾಕ್ ಮರಿ ಹುಟ್ಟಿದಾಗ ಮತ್ತೆ ಅದೇ ನಗು, ಅದೇ “ಅಪ್ಪ ಯಾರು” ಎಂಬ ಮಾತು. ಬ್ರುನ್‌ಬ್ಲಾಕ್, ರೋಬ್ಲಾಕ್‌ಗಳಲ್ಲಿ ಕ್ರೀಮ್ ಹೀಗೆ ಬಚ್ಚಿಟ್ಟುಕೊಳ್ಳಲಾರದು. ಇದ್ದರೆ ಅವು ಆ ಬಣ್ಣವಾಗಿ ಉಳಿಯುವುದೇ ಇಲ್ಲ, ಅಲ್ವಾ?

ನೀವೇ ಲಾಯದಲ್ಲಿ ನೋಡಿ ಗುರುತಿಸಬೇಕು ಅಂದರೆ ಮೈಯನ್ನು ಬಿಟ್ಟು ಪಟ್ಟೆಯಿಂದ ಶುರು ಮಾಡಿ. ಹೆಚ್ಚಿನವರು ಮೈ ನೋಡಿ ಹೆಸರು ಹೇಳುತ್ತಾರೆ, ಅದಕ್ಕೇ ತಪ್ಪುತ್ತಾರೆ. ಪಟ್ಟೆ ಕಪ್ಪಗಿದೆಯೋ ಕೆಂಪಗಿದೆಯೋ ನೋಡಿ. ಕೆಂಪಗಿದ್ದರೆ ಅದು ರೋಬ್ಲಾಕ್ ಅಥವಾ ಗುಲ್‌ಬ್ಲಾಕ್. ಕಪ್ಪಗಿದ್ದರೆ ಆಮೇಲೆ ಮೈ ನೋಡಿ. ಹಳದಿ ಛಾಯೆ ಇದ್ದರೆ ಬ್ರುನ್‌ಬ್ಲಾಕ್, ಬೂದಿ ಛಾಯೆ ಇದ್ದರೆ ಗ್ರೋ, ಕೆನೆಯ ಹಾಗಿದ್ದರೆ ಉಲ್ಸ್‌ಬ್ಲಾಕ್. ಪಟ್ಟೆ ನೋಡಲು ಒಳ್ಳೆಯ ಜಾಗ ಜೂಲು. ಫ್ಯೋರ್ಡ್ ಕುದುರೆಯ ಜೂಲಿನ ನಡುವೆ ಗಾಢ ಬಣ್ಣದ ಕೂದಲು, ಎರಡೂ ಪಕ್ಕ ಬಿಳಿ ಕೂದಲು. ಆ ನಡುಗೆರೆಗೆ ‘ಮಿಟ್‌ಸ್ತೂಲ್’ ಅನ್ನುತ್ತಾರೆ. ಜೂಲನ್ನು ಬಿಲ್ಲಿನ ಆಕಾರಕ್ಕೆ ಗಿಡ್ಡ ಕತ್ತರಿಸಿ, ಬಿಳಿ ಅಂಚನ್ನು ಇನ್ನೂ ಸ್ವಲ್ಪ ಗಿಡ್ಡ ಮಾಡಿ, ಗಾಢ ಗೆರೆ ಮೇಲೆದ್ದು ಕಾಣುವಂತೆ ಬಿಡುವುದು ಅಲ್ಲಿನ ಪದ್ಧತಿ. ಮಗಳಿಗೆ ಇದನ್ನು ಲಾಯದಲ್ಲಿ ಆಗಲೇ ಕಲಿಸಿರಬಹುದು.

ಕೆಲವು ಕುದುರೆಗಳ ಕೆನ್ನೆಯ ಮೇಲೆ, ತೊಡೆಯ ಮೇಲೆ ಸಣ್ಣ ಕಂದು ಚುಕ್ಕೆಗಳು ಕಂಡರೆ ಕೊಳೆ ಅಂದುಕೊಂಡು ಉಜ್ಜಬೇಡಿ. ಅದಕ್ಕೆ ‘ನ್ಯೋಲ್ ಗುರುತು’ ಎಂದು ಹೆಸರು. 1891ರಲ್ಲಿ ಹುಟ್ಟಿದ ನ್ಯೋಲ್ 166 ಎಂಬ ಗಂಡು ಕುದುರೆಯ ಮೈಮೇಲೆ ಅಂಥ ಚುಕ್ಕೆಗಳಿದ್ದವು. ಇವತ್ತಿನ ಎಲ್ಲ ಫ್ಯೋರ್ಡ್ ಕುದುರೆಗಳ ವಂಶ ಹಿಂದಕ್ಕೆ ಹೋಗಿ ಅವನನ್ನು ಮುಟ್ಟುತ್ತದೆ.

ಇಲ್ಲಿಂದಲೇ ನಿಮ್ಮ ಬೆಲೆಯ ಪ್ರಶ್ನೆಗೆ ದಾರಿ. ಈ ತಳಿ ಒಮ್ಮೆ ಕೈತಪ್ಪುವುದರಲ್ಲಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಕುದುರೆ ಇನ್ನೂ ದೊಡ್ಡದಾಗಲಿ, ಗಟ್ಟಿಯಾಗಲಿ ಎಂದು ಪೂರ್ವ ನಾರ್ವೆಯ ಡೋಲಾ ತಳಿಯನ್ನು ಬೆರೆಸಿದರು. ಫಲ ಚೆನ್ನಾಗಿರಲಿಲ್ಲ. ಸ್ವಭಾವ, ಮೈಕಟ್ಟು, ಬಣ್ಣ ಎಲ್ಲ ಹದ ತಪ್ಪಿತು. ಬೇ, ಕಪ್ಪು, ಕೆಂಪು ಮರಿಗಳು ಹುಟ್ಟತೊಡಗಿದವು. 1907ರಲ್ಲಿ ಸಾಕುವವರೆಲ್ಲ ಸೇರಿ ಬೆರಕೆ ಕುದುರೆಗಳನ್ನು ಸಾಲಿನಿಂದ ಹೊರಗಿಡುವುದೆಂದು ತೀರ್ಮಾನಿಸಿದರು. ಡನ್ ಇವತ್ತು ಇಷ್ಟು ಗಟ್ಟಿಯಾಗಿ ನೆಲೆ ನಿಂತಿರುವುದರಲ್ಲಿ ಆ ಶುದ್ಧೀಕರಣದ ಪಾತ್ರ ದೊಡ್ಡದು. ಜೊತೆಗೆ ವಂಶದ ದಾರಿಯೂ ಕಿರಿದಾಯಿತು. ಇವತ್ತು ಜರ್ಮನಿ, ಡೆನ್ಮಾರ್ಕ್, ಅಮೆರಿಕದಲ್ಲೆಲ್ಲ ಫ್ಯೋರ್ಡ್ ಕುದುರೆಗಳಿವೆ. ಆದರೆ ತವರಾದ ನಾರ್ವೆಯಲ್ಲೇ ಈ ತಳಿ ಅಪಾಯದಲ್ಲಿರುವ ದೇಶಿ ತಳಿಗಳ ಪಟ್ಟಿಯಲ್ಲಿದೆ. ಪಶ್ಚಿಮ ನಾರ್ವೆಯ ನೂರ್‌ಫ್ಯೋರ್‌ಆಯ್ಡ್ ಎಂಬ ಊರಿನಲ್ಲಿ ಇದಕ್ಕಾಗಿಯೇ ಒಂದು ಕೇಂದ್ರ ಇದೆ, ಅಲ್ಲಿ ಪ್ರತಿ ವರ್ಷ ನಡೆಯುವ ಗಂಡು ಕುದುರೆಗಳ ಪ್ರದರ್ಶನಕ್ಕೆ ಮಗಳನ್ನು ಕರೆದುಕೊಂಡು ಹೋಗಿ. ಎಲ್ಲ ಬಣ್ಣಗಳನ್ನು ಒಂದೇ ಕಡೆ ನೋಡಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ.

ಇಷ್ಟು ಕಿರಿದಾದ ಬುಡದ ತಳಿಯಲ್ಲಿ ಬಣ್ಣಕ್ಕಾಗಿ ಬೆಲೆ ಏರಿಸುವುದು ನನಗೆ ಸರಿ ಕಾಣುವುದಿಲ್ಲ. ಬಣ್ಣಕ್ಕೆ ದುಡ್ಡು ಬರುತ್ತದೆ ಅಂತಾದರೆ ಕಾಲು ಸೊಟ್ಟಗಿದ್ದರೂ ಸರಿ, ಬೆದರುವ ಸ್ವಭಾವ ಇದ್ದರೂ ಸರಿ, ಕ್ರೀಮ್ ಹೊತ್ತ ಗಂಡು ಕುದುರೆಗೇ ಎಲ್ಲರೂ ಹೆಣ್ಣುಗಳನ್ನು ಕಳಿಸುತ್ತಾರೆ. ಒಳ್ಳೆಯ ಬ್ರುನ್‌ಬ್ಲಾಕ್ ಗಂಡು ಕೆಲಸವಿಲ್ಲದೆ ನಿಲ್ಲುತ್ತದೆ. ಇನ್ನೊಂದು ವಿಷಯ ಮಾರುವವರು ಹೇಳಿರಲಿಕ್ಕಿಲ್ಲ. ಗುಲ್‌ಬ್ಲಾಕ್ ಅಪರೂಪ ನಿಜ, ಮಾಡುವುದು ಕಷ್ಟ ಅಲ್ಲ. ಕೆಂಪು ಅಡಿಪಾಯದ ಒಂದು ಕ್ವೀಟ್, ಒಂದು ರೋಬ್ಲಾಕ್ ಕೂಡಿಸಿ. ಹುಟ್ಟುವ ಪ್ರತಿ ಮರಿಯೂ ಗುಲ್‌ಬ್ಲಾಕ್, ಒಂದೂ ತಪ್ಪುವುದಿಲ್ಲ. ಒಂದೇ ತಲೆಮಾರಿನಲ್ಲಿ ಲೆಕ್ಕ ಹಾಕಿ ಬರಿಸಬಹುದಾದ ಬಣ್ಣಕ್ಕೆ ಅಪರೂಪದ ಬೆಲೆ ಯಾಕೆ ಕೊಡಬೇಕು? ಅಪರೂಪವಾಗಿರುವುದು ತಾಳ್ಮೆಯ ಸ್ವಭಾವ, ಗಟ್ಟಿ ಗೊರಸು, ಬೇರೆಯವರಲ್ಲಿ ಕಡಿಮೆಯಾಗುತ್ತಿರುವ ವಂಶದ ಸಾಲು. ಅದಕ್ಕೆ ಜಾಸ್ತಿ ಕೇಳಿದರೆ ಕೊಡಿ.

ಬಣ್ಣಕ್ಕೂ ಸ್ವಭಾವಕ್ಕೂ ನಂಟಿದೆ ಎಂದು ಯಾರಾದರೂ ಹೇಳಿದರೆ ನಕ್ಕು ಬಿಡಿ. ಕೆಂಪು ಕುದುರೆಗೆ ಸಿಟ್ಟು ಜಾಸ್ತಿ ಅನ್ನುವ ಮಾತು ನಾರ್ವೆಯಲ್ಲೂ ಕೇಳಿಸುತ್ತದೆ, ಬೆಂಗಳೂರಿನಲ್ಲೂ ಕೇಳಿಸುತ್ತದೆ. ಲಾಯದಲ್ಲಿ ಅದರ ಜೊತೆ ಎರಡು ಸಂಜೆ ಕಳೆದರೆ ಸ್ವಭಾವ ತಾನೇ ಗೊತ್ತಾಗುತ್ತದೆ.

ಅಣ್ಣನ ಪಂಚಕಲ್ಯಾಣಿಯ ಮಾತಿಗೂ ಉತ್ತರ ಕೊಡಬೇಕಲ್ಲ. ನಾಲ್ಕು ಕಾಲಿನಲ್ಲಿ, ಮುಖದಲ್ಲಿ ಬಿಳಿ ಇದ್ದರೆ ಶುಭ ಎಂಬುದು ನಮ್ಮಲ್ಲಿ ಬಹಳ ಹಳೆಯ ನಂಬಿಕೆ. ರಾಜಸ್ಥಾನದ ಮಾರವಾಡಿ ಕುದುರೆ ಸಾಕುವವರಲ್ಲೂ ಇದೆ. ಫ್ಯೋರ್ಡ್ ತಳಿಯಲ್ಲಿ ಹಣೆಯ ಮೇಲೆ ಒಂದು ಸಣ್ಣ ಚುಕ್ಕಿ ಇದ್ದರೆ ಒಪ್ಪುತ್ತಾರೆ, ಅದಕ್ಕಿಂತ ಹೆಚ್ಚಿನ ಬಿಳಿ ಇರುವ ಗಂಡು ಕುದುರೆಯನ್ನು ನಾರ್ವೆಯಲ್ಲಿ ವಂಶಕ್ಕೆ ತೆಗೆದುಕೊಳ್ಳುವುದಿಲ್ಲ. ಬಿಳಿ ಗುರುತಿನ ಜೀನ್‌ಗಳು ಡನ್, ಕ್ರೀಮ್‌ಗಳಿಗಿಂತ ಬೇರೆ. ಅವು ಬಣ್ಣದ ಕೋಶಗಳನ್ನು ಕಾಲಿನ ತುದಿ, ಹಣೆಯಂಥ ಜಾಗಗಳಿಗೆ ತಲುಪಲು ಬಿಡುವುದಿಲ್ಲ. ಮೇಲಾಗಿ ಕಾಲಿನ ಜೀಬ್ರಾ ಗೆರೆಗಳನ್ನು ಬಿಳಿ ಮುಚ್ಚಿಹಾಕುತ್ತದೆ, ಅವರ ಸಿಟ್ಟಿಗೆ ಅದೂ ಒಂದು ಕಾರಣ ಇರಬೇಕು. ಸವಾರಿಗೆ ಕೊಳ್ಳುವುದಾದರೆ ಇದರಿಂದ ತೊಂದರೆ ಏನೂ ಇಲ್ಲ. ಒಂದು ಕಾಲು ಬೆಳ್ಳಗಿರುವ ಫ್ಯೋರ್ಡ್ ಕಡಿಮೆ ಬೆಲೆಗೆ ಸಿಕ್ಕರೆ ಮಗಳಿಗೆ ಕುದುರೆ ಸಿಕ್ಕಿತು, ಅಣ್ಣನಿಗೂ ಐದರಲ್ಲಿ ಒಂದು ಶುಭ ಸಿಕ್ಕಿತು.

ಕೊನೆಗೆ ಪರೀಕ್ಷೆಯ ವಿಷಯ. ಗುಲ್‌ಬ್ಲಾಕ್ ಎಂದು ಹೇಳಿ ಮಾರುತ್ತಿರುವ ಮರಿಯನ್ನು ನೋಡಿ ಸುಮ್ನೆ ನಂಬಬೇಡಿ. ತಿಳಿ ರೋಬ್ಲಾಕ್ ಆಗಿದ್ದರೂ ಆಗಿರಬಹುದು. ಜೂಲಿನಿಂದ ಇಪ್ಪತ್ತು ಮೂವತ್ತು ಕೂದಲನ್ನು ಬುಡಸಹಿತ ಕಿತ್ತು ಲ್ಯಾಬಿಗೆ ಕಳಿಸಿದರೆ ಸಾಕು. ಕತ್ತರಿಸಿದ ಕೂದಲು ಪ್ರಯೋಜನಕ್ಕೆ ಬಾರದು, ಡಿಎನ್‌ಎ ಸಿಗುವುದು ಬುಡದ ಗೆಡ್ಡೆಯಲ್ಲಿ. ಎಕ್ಸ್‌ಟೆನ್ಷನ್ ಮತ್ತು ಕ್ರೀಮ್, ಇವೆರಡನ್ನು ಮಾತ್ರ ಕೇಳಿ. ಎರಡು ಕೆಂಪು, ಒಂದು ಕ್ರೀಮ್ ಎಂದು ಬಂದರೆ ಗುಲ್‌ಬ್ಲಾಕ್ ಖಚಿತ. ಡನ್ ಪರೀಕ್ಷೆಗೆ ಶುದ್ಧ ಫ್ಯೋರ್ಡ್‌ನಲ್ಲಿ ದುಡ್ಡು ಹಾಕುವುದು ದಂಡ, ಉತ್ತರ ಮೊದಲೇ ಗೊತ್ತು. ಅಗೂಟಿ ಬೇಕಾಗುವುದು ಮುಂದೆ ಮರಿ ಮಾಡಿಸುವ ಯೋಚನೆ ಇದ್ದರೆ ಮಾತ್ರ.

ಲಾಯದ ಮರಿಯ ಅಪ್ಪ ಯಾರು ಎಂಬುದಕ್ಕೆ ಈ ಬಣ್ಣದ ಪರೀಕ್ಷೆ ಸಾಲದು. ವಂಶ ತಿಳಿಯಲು ಬೇರೆ ಡಿಎನ್‌ಎ ಪರೀಕ್ಷೆ ಇದೆ, ಅದನ್ನೂ ಇಂಥದೇ ಕೂದಲಿನಿಂದ ಮಾಡುತ್ತಾರೆ. ಅನುಮಾನ ಇನ್ನೂ ಉಳಿದಿದ್ದರೆ ಮರಿಯ ವಂಶದ ದಾಖಲೆ ತೋರಿಸಿ ಎಂದು ಲಾಯದವರನ್ನೇ ಕೇಳಿ.